ಡಬ್ಬಿಯ ಮೇಲಿನ ವಿಧವೆ

ದೊಸಿಂದಾಳ ಮುಖವೇ ಹಾಗಿತ್ತು. ಅವಳ ಸೋದರತ್ತೆಯ ಮಗಳ ಮದುವೆಯಲ್ಲಿ ಗುರುತಿಲ್ಲದವರು ಬಂದು ಅವಳ ಕೈ ಹಿಡಿದು ಸಮಾಧಾನ ಹೇಳಿ ಹೋಗಿದ್ದರು. ಅವಳಿಗೆ ಯಾವ ದುಃಖವೂ ಇರಲಿಲ್ಲ. ಆ ದಿನ ಹೊಟ್ಟೆತುಂಬ ಉಂಡಿದ್ದಳು, ಕುಣಿದೂ ಇದ್ದಳು. ಕಣ್ಣಿನ ಹೊರತುದಿಗಳು ಒಂದಿಷ್ಟು ಕೆಳಗಿಳಿದಿದ್ದವು, ಬಾಯಿಯ ತುದಿಗಳೂ ಹಾಗೆಯೇ. ವಿಷಯ ಅಷ್ಟೇ. ಆದರೆ ಅಷ್ಟಕ್ಕೇ ಅವಳ ಬದುಕು ಏನೇನೋ ಆಯಿತು.

ನಾನು ಎಲಾದಿಯಾ. ಫಾಂದಿನ್ಯೋ ಮನೆತನದ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಅವಳ ಎಡಗಡೆ ನಿಂತು ಜೀವನ ಕಳೆದವಳು. ಅವಳ ಬಲಗಡೆ ಬಲ್ಬಿನಾ ನಿಲ್ಲುತ್ತಿದ್ದಳು. ಅರೊಸಾ ಅಳಿವೆಯ ಈ ದಡದಲ್ಲಿ ಗಂಡುಮಕ್ಕಳಿಗೆ ದೋಣಿ, ಹೆಣ್ಣುಮಕ್ಕಳಿಗೆ ಕಾರ್ಖಾನೆ. ಯಾರೂ ಕೂತು ಆರಿಸಿಕೊಂಡದ್ದಲ್ಲ. ಮೀನು ಬಂದರೆ ಸೈರನ್ ಕೂಗುತ್ತಿತ್ತು, ಒಲೆಯ ಮೇಲೆ ಏನಿದ್ದರೂ ಇಳಿಸಿ ಓಡಬೇಕು. ಹಬೆಯಲ್ಲಿ ಬೆಂದು ಆರಿದ ಟ್ಯೂನಾ ಮೇಜಿಗೆ ಬರುತ್ತಿತ್ತು. ಚರ್ಮ ಸುಲಿದು, ಮುಳ್ಳು ತೆಗೆದು, ಕಪ್ಪು ಮಾಂಸವನ್ನು ಕೆರೆದು ಬೆಕ್ಕುಗಳ ಪಾಲಿಗೆ ಹಾಕಿ, ಬಿಳಿಯದನ್ನು ಮುರಿಯದ ಹಾಗೆ ಡಬ್ಬಿಯಲ್ಲಿ ಕೂರಿಸುವುದು ನಮ್ಮ ಕೆಲಸ. ಆಮೇಲೆ ಎಣ್ಣೆ, ಆಮೇಲೆ ಮುಚ್ಚಳ. ವಾಸನೆ ನಮ್ಮ ಜೊತೆಗೇ ಮನೆಗೆ ಬರುತ್ತಿತ್ತು, ಭಾನುವಾರ ಚರ್ಚಿಗೂ ಬರುತ್ತಿತ್ತು. ಕೈಗೆ ನಿಂಬೆಹಣ್ಣು ತಿಕ್ಕಿದರೆ ಹೋಗುತ್ತದೆ ಎನ್ನುವವರಿದ್ದರು. ತಿಕ್ಕಿದರೆ ನಿಂಬೆ ಹಿಂಡಿದ ಟ್ಯೂನಾದ ವಾಸನೆ ಬರುತ್ತಿತ್ತು.

ಅರವತ್ತರ ದಶಕದಲ್ಲಿ ಯಜಮಾನ ದೋನ್ ಎವಾರಿಸ್ತೊ ಹೊಸ ಬ್ರ್ಯಾಂಡ್ ತರಲು ಹೊರಟ. ಅದುವರೆಗೆ ನಮ್ಮ ಡಬ್ಬಿಯ ಮೇಲೆ ಒಂದು ನಗುವ ಮೀನಿತ್ತು. ತನ್ನನ್ನು ತಿನ್ನುವವರನ್ನು ನೋಡಿ ಮೀನು ಯಾಕೆ ನಗುತ್ತದೆ ಎಂದು ಮ್ಯಾಡ್ರಿಡ್‌ನ ಒಬ್ಬ ವ್ಯಾಪಾರಿ ಕೇಳಿದನಂತೆ. ಆ ಪ್ರಶ್ನೆ ಯಜಮಾನನ ತಲೆಯಲ್ಲಿ ಕೂತುಬಿಟ್ಟಿತು. ನಗುವವರ ಮಾಲನ್ನು ಯಾರೂ ನಂಬುವುದಿಲ್ಲ, ಗಂಭೀರವಾದ ಮುಖ ಬೇಕು ಎಂದು ತೀರ್ಮಾನಿಸಿದ. ಸಮುದ್ರಕ್ಕೆ ಗಂಡನನ್ನು ಕೊಟ್ಟವಳು ಕೆಟ್ಟ ಮೀನು ಮಾರುತ್ತಾಳೆಂದು ಯಾರು ಅಂದುಕೊಂಡಾರು? ಹಾಗೆ ಹುಟ್ಟಿದ್ದು 'ಲಾ ವಿಯುದಾ', ಅಂದರೆ ವಿಧವೆ.

ನಮ್ಮ ಮೇಜಿನಲ್ಲಿ ವಿಧವೆಯರಿಗೇನೂ ಬರ ಇರಲಿಲ್ಲ. ಒಂದು ಬೆಳಿಗ್ಗೆ ಅವನು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಸಾಲಿನುದ್ದಕ್ಕೂ ನಡೆದು ಎಲ್ಲರ ಮುಖ ನೋಡಿದ. ಬಲ್ಬಿನಾಳ ಎದುರು ನಿಂತ. ಅವಳ ಗಂಡ ಬೆನಿಗ್ನೊ 'ಪೆರೆಗ್ರಿನಾ' ಎಂಬ ದೋಣಿಯ ಜೊತೆ ಹೋಗಿ ಹೆಚ್ಚು ಕಾಲವಾಗಿರಲಿಲ್ಲ; ದೇಹ ಸಿಕ್ಕಿರಲಿಲ್ಲ. ಚಿತ್ರಕ್ಕೆ ಕೂರುತ್ತೀಯಾ ಎಂದು ಕೇಳಿದ್ದಕ್ಕೆ ಅವಳು ತಲೆ ಎತ್ತದೆ, ತಾನು ಅಳುವುದು ಕೆಲಸದ ಹೊತ್ತಿನಲ್ಲಲ್ಲ ಎಂದಳು. ಯಜಮಾನ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಲ್ಲಿ ದೊಸಿಂದಾ ಇದ್ದಳು. ಮದುವೆಯಾಗದವಳು, ಆ ಹೊತ್ತಿನಲ್ಲಿ ಮಧ್ಯಾಹ್ನದ ಸಾರಿಗೆ ಸೊಪ್ಪು ಸಿಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದಳಂತೆ. ಯಜಮಾನ ಅವಳನ್ನು ನೋಡಿ ಟೋಪಿ ತೆಗೆದ.

ಅವಳ ಬಳಿ ಕಪ್ಪು ತಲೆವಸ್ತ್ರ ಇರಲಿಲ್ಲ. ಬಲ್ಬಿನಾ ತನ್ನದನ್ನೇ ಬಿಚ್ಚಿ ಕೊಟ್ಟಳು. ಪೊಂತೆವೆದ್ರಾದಿಂದ ಬಂದ ಚಿತ್ರಗಾರ ಎರಡು ದಿನ ಕೂತು ಬರೆದ. ಕಿಟಕಿಯ ಕಡೆ ನೋಡುತ್ತಿರು, ಅವನು ಬರುವ ದಾರಿ ಕಾಯುತ್ತಿರು ಎಂದು ಅವಳಿಗೆ ಹೇಳಿದ. ಯಾರು ಬರುವ ದಾರಿ ಎಂದು ಅವಳು ಕೇಳಿದಳು. ಕೂಲಿಯಾಗಿ ಒಂದು ಉಣ್ಣೆಯ ಕೋಟು ಸಿಕ್ಕಿತು.

ಡಬ್ಬಿ ಓಡಿತು. ಬಿಲ್ಬಾವೋದಿಂದ ಸೆವಿಲ್ಲಾದವರೆಗೆ ಅಂಗಡಿಗಳ ಕಪಾಟಿನಲ್ಲಿ ದೊಸಿಂದಾ ಸಾಲಾಗಿ ಕೂತು ಇಲ್ಲದ ಗಂಡನಿಗಾಗಿ ಕಾಯತೊಡಗಿದಳು. ನಮಗೆ ಗೊತ್ತಿದ್ದದ್ದು ಏನೆಂದರೆ, ಅದೇ ಮೇಜಿನಿಂದ ಅದೇ ಮೀನು ಅದೇ ಎಣ್ಣೆಯಲ್ಲಿ ಇನ್ನೆರಡು ಹೆಸರುಗಳ ಡಬ್ಬಿಗೂ ಹೋಗುತ್ತಿತ್ತು. ಒಂದರ ಮೇಲೆ ಮೀಸೆಯ ನೌಕಾಧಿಪತಿ, ಇನ್ನೊಂದು ಯಾವುದೋ ಅಂಗಡಿ ಸಮೂಹದ ಬೋಳು ಡಬ್ಬಿ. ವಿಧವೆಯ ರುಚಿ ನೌಕಾಧಿಪತಿಗೆ ಬರುವುದಿಲ್ಲ ಎಂದು ನನ್ನ ಸ್ವಂತ ಭಾವನೇ ವಾದಿಸುತ್ತಿದ್ದ. ನಾನು ಹೇಳಿದರೂ ನಂಬಲಿಲ್ಲ. ನನಗೆ ನಾಲಿಗೆ ಕೆಟ್ಟಿದೆ ಎಂದ.

ತೊಂದರೆ ಶುರುವಾದದ್ದು ಅವಳ ಮದುವೆಯ ವಿಷಯದಲ್ಲಿ. ಕಂಬಾದೊಸ್‌ನ ಒಬ್ಬ ಮೀನುಗಾರ ಅವಳ ಹಿಂದೆ ಒಂದು ವರ್ಷ ಓಡಾಡಿದ್ದ. ಅವನ ತಾಯಿ ಒಂದು ದಿನ ಅಂಗಡಿಯಲ್ಲಿ ಡಬ್ಬಿ ನೋಡಿದಳು. ಅಲ್ಲಿಗೆ ಮುಗಿಯಿತು. ಇನ್ನೊಬ್ಬ ಬಂದ, ಅವನೂ ದೋಣಿಯವನೇ, ಅವನಿಗೆ ತಾಯಿ ಇರಲಿಲ್ಲ. ಆದರೆ ಅವನ ಜೊತೆಯವರು ಅವನಿದ್ದ ದೋಣಿ ಹತ್ತುವುದಿಲ್ಲ ಎಂದರು. ಮೊದಲೇ ವಿಧವೆ ಅಂತ ಅಚ್ಚು ಹಾಕಿಸಿಕೊಂಡವಳನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋಗುವ ಧೈರ್ಯ ಯಾರಿಗಿದೆ? ದೊಸಿಂದಾ ಬೇಸರಪಟ್ಟಳೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಒಮ್ಮೆ ಮಾತ್ರ, ಬ್ರೆಡ್ಡು ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದನ್ನು ನೋಡಿದೆ.

ಕಡೆಗೆ ಕೇಳಿದವನು ಸೆಲ್ಸೊ. ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಒಳನಾಡಿನ ಓರೆನ್ಸೆ ಕಡೆಯವನು, ಈಜು ಬಾರದು, ಅಳಿವೆ ದಾಟುವ ಸಣ್ಣ ದೋಣಿಯಲ್ಲೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ನನ್ನ ಎದುರಿಗೇ, ಯಂತ್ರದ ಸದ್ದಿನ ಮಧ್ಯೆ, ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದ.

"ನೋಡು ದೊಸಿಂದಾ, ನಾನು ಸಮುದ್ರಕ್ಕೆ ಹೋಗೋನಲ್ಲ. ನನ್ನ ಮುಳುಗಿಸ್ಬೇಕು ಅಂದ್ರೆ ಯಾರಾದ್ರೂ ಬೇಕಂತಲೇ ಹೊತ್ಕೊಂಡು ಹೋಗ್ಬೇಕು."

"ಇಷ್ಟು ತೂಕ ಯಾರು ಹೊರ್ತಾರೆ ಮಾರಾಯ," ಎಂದಳು ಅವಳು. ಅದು ಒಪ್ಪಿಗೆ ಎಂದು ಅವನಿಗೆ ಅರ್ಥವಾಗಲು ಮಧ್ಯಾಹ್ನವಾಯಿತು.

ದೋನ್ ಎವಾರಿಸ್ತೊ ಸುದ್ದಿ ಕೇಳಿ, ಇನ್ನು ಡಬ್ಬಿಯ ಗತಿ ಏನು ಎಂದ. ಬೇಡ ಎನ್ನುವಷ್ಟು ಕೆಟ್ಟವನಲ್ಲ ಅವನು. ಮದುವೆ ಸೆಲ್ಸೊನ ಊರಿನ ಕಡೆ ಸದ್ದಿಲ್ಲದೆ ಆಗಲಿ ಎಂದು ಕೇಳಿಕೊಂಡ, ಬಸ್ಸು ತಾನೇ ಮಾಡಿಸಿಕೊಟ್ಟ. ಆಮೇಲೆ ಆಹಾರ ಮೇಳಗಳಿಗೆ ದೊಸಿಂದಾ ಕಪ್ಪು ಉಟ್ಟು ಹೋಗಬೇಕಾದಾಗಲೆಲ್ಲ ಸೆಲ್ಸೊ ಜೊತೆಯಲ್ಲಿ ಹೋಗುತ್ತಿದ್ದ, ಅಣ್ಣನೆಂದು. ಮ್ಯಾಡ್ರಿಡ್ ಮೇಳದಲ್ಲಿ ತುಪ್ಪಳದ ಕೋಟಿನ ಹೆಂಗಸೊಬ್ಬಳು ಅವನ ಕೈ ತಟ್ಟಿ, ತಂಗಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ, ಇನ್ನೊಂದು ಮದುವೆ ಮಾಡಬಾರದೇ ಎಂದಳಂತೆ. ಯಾರಾದರೂ ಒಳ್ಳೆಯವನು ಸಿಕ್ಕರೆ ನೋಡೋಣ ಎಂದನಂತೆ ಸೆಲ್ಸೊ. ಮಗಳು ಹುಟ್ಟುವ ಮುಂಚಿನ ತಿಂಗಳುಗಳಲ್ಲಿ, ವಿಧವೆಗೆ ಶೀತವಾಗಿದೆ ಎಂದು ಮೇಳಗಳಿಗೆ ಹೇಳಿ ಕಳಿಸಲಾಯಿತು. ಆ ವರ್ಷ ಶೀತ ಬಹಳ ದಿನ ಹಿಡಿಯಿತು.

ಹೀಗೇ ನಡೆದುಕೊಂಡು ಹೋಯಿತು. ನಾವು ಮೂವರೂ ಅದೇ ಮೇಜಿನ ಬಳಿ ಮುದುಕಿಯರಾದೆವು. ಡಬ್ಬಿಯ ಮೇಲಿನವಳಿಗೆ ಮಾತ್ರ ಇಪ್ಪತ್ತು ದಾಟಲಿಲ್ಲ. ದೋನ್ ಎವಾರಿಸ್ತೊ ತೀರಿಕೊಂಡ, ಅವನ ಮಕ್ಕಳಿಗೆ ಮೀನಿನ ವಾಸನೆ ಆಗಲಿಲ್ಲ. ನಾವು ನಿವೃತ್ತರಾಗುವ ಹೊತ್ತಿಗೆ ಕಾರ್ಖಾನೆ, ಹೆಸರು, ಮುಖ ಎಲ್ಲ ಸೇರಿಸಿ ಹೊರಗಿನ ಒಂದು ದೊಡ್ಡ ಕಂಪನಿಗೆ ಮಾರಿದರು. ಆ ಕಂಪನಿಯ ಬಳಿ ಆಗಲೇ ಏಳೆಂಟು ಬ್ರ್ಯಾಂಡುಗಳಿದ್ದವು: ಒಬ್ಬ ಸನ್ಯಾಸಿ, ಒಂದು ದೀಪಸ್ತಂಭ, ಹೀಗೆ. ಅವುಗಳ ಜೊತೆ ನಮ್ಮ ವಿಧವೆಯೂ ಸೇರಿದಳು.

ಜಾಹೀರಾತು ನೋಡಿಕೊಳ್ಳಲು ಮಕರೇನಾ ಎಂಬ ಹುಡುಗಿ ಬಂದಳು. ತೆಳ್ಳಗಿನ, ಚುರುಕಾದ, ಎಲ್ಲರನ್ನೂ ನೋಡಿ ನಗುವ ಹುಡುಗಿ. ಈಗಿನವರು ಮೀನು ಕೊಳ್ಳುವುದಿಲ್ಲ, ಕಥೆ ಕೊಳ್ಳುತ್ತಾರೆ ಎಂದು ಅವಳು ಊರ ಚೌಕದ ಹೋಟೆಲಿನಲ್ಲಿ ನಮಗೆಲ್ಲ ಕಾಫಿ ಕೊಡಿಸಿ ಹೇಳಿದಳು. ಕೆಲವು ದಿನ ಊರೆಲ್ಲ ಸುತ್ತಿದಳು. ಆಮೇಲೆ ಡಬ್ಬಿಯ ಸುತ್ತ ರಟ್ಟಿನ ಪೊಟ್ಟಣ ಬಂತು, ಅದರ ಹಿಂಬದಿಯಲ್ಲಿ ಕಥೆ. ಬಿರುಗಾಳಿಯ ರಾತ್ರಿ 'ಪೆರೆಗ್ರಿನಾ' ದೋಣಿಯಲ್ಲಿ ಗಂಡನನ್ನು ಕಳೆದುಕೊಂಡ ದೊಸಿಂದಾ, ಅವನ ನೆನಪಿನಲ್ಲಿ ಇಂದಿಗೂ ಪ್ರತಿ ತುಂಡನ್ನು ತನ್ನ ಕೈಯಾರೆ ಡಬ್ಬಿಗಿಡುತ್ತಾಳೆ ಎಂದು ಅದರಲ್ಲಿತ್ತು.

ಮೊದಲು ಓದಿದವನು ಸೆಲ್ಸೊ. ಅಂಗಡಿಯಲ್ಲಿ ನಿಂತು ಓದಿ, ಒಂದು ಪೊಟ್ಟಣ ಕೊಂಡು, ಇಸ್ಪೀಟು ಆಡುವ ಬಾರಿಗೆ ಹೋಗಿ ಮೇಜಿನ ಮೇಲಿಟ್ಟ. ಅವನ ಜೊತೆಯವರು ಒಬ್ಬೊಬ್ಬರಾಗಿ ಓದಿ ಎದ್ದು ನಿಂತು ಟೋಪಿ ತೆಗೆದರು. ಬಾರಿನವನು ಸತ್ತವರಿಂದ ದುಡ್ಡು ತೆಗೆದುಕೊಳ್ಳುವ ಪದ್ಧತಿ ತನ್ನಲ್ಲಿಲ್ಲ ಎಂದ. ಆ ವಾರವೆಲ್ಲ ಸೆಲ್ಸೊ ಬಿಟ್ಟಿ ಕುಡಿದ. ಹೆಂಡತಿ ಬೈದಿದ್ದಕ್ಕೆ, ಬದುಕಿದ್ದಾಗ ಯಾರೂ ಇಷ್ಟು ವಿಚಾರಿಸಿಕೊಂಡಿರಲಿಲ್ಲ ಎಂದ.

ಕಾರ್ಖಾನೆಯ ಪಕ್ಕದಲ್ಲಿ ಪ್ರವಾಸಿಗರಿಗೆಂದು ಕಂಪನಿ ಅಂಗಡಿ ತೆರೆದಿತ್ತು, ದೊಸಿಂದಾಳನ್ನು ವಾರಕ್ಕೊಮ್ಮೆ ಅಲ್ಲಿ ಕೂರಿಸುತ್ತಿದ್ದರು. ಜನ ಬಂದು ಕಣ್ಣೊರೆಸಿಕೊಂಡು ಅವಳ ಗಂಡನ ಬಗ್ಗೆ ಕೇಳುತ್ತಿದ್ದರು. ಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೀತಿದ್ದಾನೆ ಎಂದು ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಅವರು ಇನ್ನಷ್ಟು ಅಳುತ್ತಿದ್ದರು. ದುಃಖಕ್ಕೆ ಬುದ್ಧಿ ಪಲ್ಲಟವಾಗಿದೆ ಎಂದುಕೊಂಡು ಡಜನ್‌ಗಟ್ಟಲೆ ಡಬ್ಬಿ ಕೊಳ್ಳುತ್ತಿದ್ದರು.

ಇಷ್ಟೂ ದಿನ ಅವಳು ಆ ಪೊಟ್ಟಣವನ್ನು ಪೂರ್ತಿ ಓದಿರಲಿಲ್ಲ. ಗಂಡ ಹೇಳಿದ್ದನ್ನು ಕೇಳಿ ನಕ್ಕು ಬಿಟ್ಟಿದ್ದಳು; ದೋಣಿಯ ಹೆಸರನ್ನು ಒಳನಾಡಿನ ಅವನು ಗಮನಿಸಿರಲೇ ಇಲ್ಲ. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ತಿರುಗಿಸಿ ನೋಡಿದಳು, ದೋಣಿಯ ಹೆಸರು ಕಣ್ಣಿಗೆ ಬಿತ್ತು. ಬಂದರಿನ ಕಲ್ಲಿನ ಮೇಲೆ ಮುಳುಗಿದ ದೋಣಿಗಳ ಹೆಸರು ಕೆತ್ತಿದೆ. ಮಕರೇನಾ ಅದರಲ್ಲಿ ಕಿವಿಗೆ ಇಂಪಾದದ್ದನ್ನು ಆರಿಸಿಕೊಂಡಿದ್ದಳು.

ದೊಸಿಂದಾ ಅಂಗಡಿಗೆ ಬೀಗ ಹಾಕಿ ನನ್ನ ಮನೆಗೆ ಬಂದಳು. ಇಬ್ಬರೂ ಬಲ್ಬಿನಾಳಲ್ಲಿಗೆ ಹೋದೆವು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಮ್ಮಿಂದಲೇ ಕೇಳಲಿ ಎಂದು ದಾರಿಯಲ್ಲಿ ಒಂದೇ ಮಾತು ಆಡಿದಳು. ಬಲ್ಬಿನಾ ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಕನ್ನಡಕ ಒಳಗಿದೆ, ನೀನೇ ಓದು ಎಂದಳು. ದೊಸಿಂದಾ ಓದಿದಳು. ಬಲ್ಬಿನಾ ಕೈಯಲ್ಲಿದ್ದ ಕಾಳು ಮುಗಿಯುವವರೆಗೆ ಹಾಕಿದಳು.

"ಬಿರುಗಾಳಿ ಅಂತ ಬರ್ದಿದ್ದಾರಾ?"

"ಹೂಂ. ಬಿರುಗಾಳಿಯ ರಾತ್ರಿ ಅಂತ."

"ಗಾಳಿನೇ ಇರ್ಲಿಲ್ಲ ಕಣೇ ಅವತ್ತು. ಬೆಳಗಿನ ಹೊತ್ತು. ಮಂಜು. ಕೈ ಚಾಚಿದ್ರೆ ಕೈ ಕಾಣ್ತಿರ್ಲಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಕಾಫಿ ಇಟ್ಟಳು. ಸಕ್ಕರೆ ಡಬ್ಬಿ ಎಲ್ಲಿಟ್ಟೆ ಎಂದು ಸಿಕ್ಕಿದ ಮೇಲೂ ಹುಡುಕುತ್ತಲೇ ಇದ್ದಳು.

ದೊಸಿಂದಾಳಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. ಆ ಮುಖದ ಮೇಲೆ ಕೋಪವೂ ದುಃಖದ ಹಾಗೆಯೇ ಕಾಣುತ್ತಿತ್ತು. ಮರುದಿನ ಕಂಪನಿಯ ಕಚೇರಿಗೆ ಹೋದಳು. ಮಕರೇನಾ ಅವಳಿಗೆ ಬಾಯಿ ತೆರೆಯಲು ಬಿಡದೆ ತನ್ನ ಖುಷಿಯ ಸುದ್ದಿ ಹೇಳಿದಳಂತೆ: ಬ್ರ್ಯಾಂಡಿನ ವಾರ್ಷಿಕೋತ್ಸವ ಬರುತ್ತಿದೆ, ದೋಣಿಯಲ್ಲಿ ಅಳಿವೆಯ ಬಾಯಿಯವರೆಗೆ ಹೋಗಿ, ಪತ್ರಿಕೆಯವರ ಮುಂದೆ, ದೊಸಿಂದಾ ಗಂಡನಿಗಾಗಿ ನೀರಿಗೆ ಹೂಚಕ್ರ ಬಿಡಬೇಕು. ದೊಸಿಂದಾ ಹೇಳಬೇಕೆಂದು ಬಂದದ್ದನ್ನು ಹೇಳಲಿಲ್ಲ. ಆಗಲಿ, ಆದರೆ ಜೊತೆಗೆ ಇಬ್ಬರು ಗೆಳತಿಯರು ಬರುತ್ತಾರೆ, ಅಣ್ಣನೂ ಬರುತ್ತಾನೆ ಎಂದಳು. ಎಷ್ಟು ಜನ ಬಂದರೂ ಸಂತೋಷ ಎಂದಳು ಮಕರೇನಾ.

ಬಲ್ಬಿನಾಳನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಗಂಡ ಹೋದ ಮೇಲೆ ಅವಳು ನೀರಿನ ಮೇಲೆ ಕಾಲಿಟ್ಟಿರಲಿಲ್ಲ. ಬರುವುದಿಲ್ಲ ಎಂದಳು, ನೋಡೋಣ ಎಂದಳು, ಮತ್ತೆ ಬರುವುದಿಲ್ಲ ಎಂದಳು. ಆ ಬೆಳಿಗ್ಗೆ ನಾವು ಬಂದರಿಗೆ ಹೋದಾಗ ಅವಳು ನಮಗಿಂತ ಮೊದಲೇ ಬಂದು ಕೈಚೀಲ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

ದೋಣಿಯಲ್ಲಿ ಕಂಪನಿಯ ನಿರ್ದೇಶಕನಿದ್ದ, ಮಕರೇನಾ ಇದ್ದಳು, ಕ್ಯಾಮೆರಾ ಹಿಡಿದವರು ನಾಲ್ಕಾರು ಮಂದಿ. ಬ್ರೆಡ್ಡಿನ ಮೇಲೆ ನಮ್ಮದೇ ಟ್ಯೂನಾ ಹಾಕಿ ತಟ್ಟೆಗಳಲ್ಲಿ ಇಟ್ಟಿದ್ದರು. ಬಂದರಿನ ಗೋಡೆ ದಾಟುವ ಮೊದಲೇ ಸೆಲ್ಸೊ ಬಿಳಚಿಕೊಂಡ. ಬಿಳಿ ಹೂವುಗಳ ದೊಡ್ಡ ಚಕ್ರ, ಅದರ ಅಡ್ಡಕ್ಕೆ ಕಂಪನಿಯ ಹೆಸರೂ ಬ್ರ್ಯಾಂಡಿನ ಹೆಸರೂ ಬಂಗಾರದ ಅಕ್ಷರದಲ್ಲಿ ಬರೆದ ಅಗಲವಾದ ಪಟ್ಟಿ. ಅಳಿವೆಯ ಬಾಯಿಯಲ್ಲಿ ಇಂಜಿನ್ ನಿಲ್ಲಿಸಿದರು. ನಿರ್ದೇಶಕ ಎರಡು ಮಾತು ಆಡಿದ. ಸಮುದ್ರ, ಪರಂಪರೆ, ಒಮೇಗಾ ಕೊಬ್ಬು ಎಂದೆಲ್ಲ ಹೇಳಿದ. ಆಮೇಲೆ ಚಕ್ರವನ್ನು ದೊಸಿಂದಾಳ ಕೈಗೆ ಕೊಟ್ಟ. ಅವಳು ಅದನ್ನು ತಿರುಗಿ ಬಲ್ಬಿನಾಳ ಕೈಗೆ ಕೊಟ್ಟಳು.

ಅವರು ಯಾರು ಎಂದು ನಿರ್ದೇಶಕ ಮೆಲ್ಲಗೆ ಕೇಳಿದ.

"ಪೆರೆಗ್ರಿನಾದಲ್ಲಿ ಹೋದೋನು ಇವಳ ಗಂಡ," ಎಂದಳು ದೊಸಿಂದಾ, ಎಲ್ಲರಿಗೂ ಕೇಳುವ ಹಾಗೆ. "ಬೆನಿಗ್ನೊ ಅಂತ. ನನ್ನ ಗಂಡ ಅಗೋ ಅಲ್ಲಿ, ವಾಂತಿ ಮಾಡ್ತಿದ್ದಾನೆ."

ಎಲ್ಲರೂ ಅತ್ತ ನೋಡಿದರು. ಸೆಲ್ಸೊ ಕಂಬಿ ಹಿಡಿದು ಬಗ್ಗಿದ್ದವನು, ತಲೆ ಎತ್ತದೆ ಒಂದು ಕೈ ಮೇಲೆತ್ತಿ ಹೌದೆಂದ. ಕ್ಯಾಮೆರಾದವರಿಗೆ ಯಾರ ಚಿತ್ರ ತೆಗೆಯಬೇಕೆಂದು ತಿಳಿಯಲಿಲ್ಲ. ಮಕರೇನಾಳ ಮುಖದಲ್ಲಿ ರಕ್ತವಿರಲಿಲ್ಲ.

ಬಲ್ಬಿನಾ ಇದ್ಯಾವುದನ್ನೂ ಗಮನಿಸಿದ ಹಾಗಿರಲಿಲ್ಲ. ಹೂವುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು, ತಾಜಾ ಇವೆ ಎಂದು ನನಗೆ ಹೇಳಿದಳು. ಆಮೇಲೆ ಬಂಗಾರದ ಅಕ್ಷರದ ಪಟ್ಟಿಯ ಗಂಟನ್ನು ಹುಡುಕಿ, ಅವಸರವಿಲ್ಲದೆ ಬಿಚ್ಚಿ, ಇಸ್ತ್ರಿ ಬಟ್ಟೆಯ ಹಾಗೆ ಮಡಿಸಿ ನಿರ್ದೇಶಕನ ಕೈಗಿಟ್ಟಳು. ಅವನು ಧನ್ಯವಾದ ಎಂದ. ಅವಳು ಕಂಬಿಯ ಹತ್ತಿರ ಹೋಗಿ ಬಗ್ಗಿ, ಎಸೆಯದೆ, ತೊಟ್ಟಿಲಲ್ಲಿ ಮಗು ಮಲಗಿಸುವ ಹಾಗೆ ಚಕ್ರವನ್ನು ನೀರಿನ ಮೇಲಿಟ್ಟಳು. ಅದು ದೋಣಿಯ ಪಕ್ಕಕ್ಕೇ ಅಂಟಿಕೊಂಡು ಬಹಳ ಹೊತ್ತು ಹೋಗಲಿಲ್ಲ. ಕಡೆಗೆ ಹೋಯಿತು. ಬೆನಿಗ್ನೊಗೆ ಶವಯಾತ್ರೆ ಅಂತ ಆದದ್ದು ಅದೇ.

ಕಾರ್ಖಾನೆಯ ಸಭೆಗಳಲ್ಲಿ ಆಮೇಲೆ ಏನೇನು ಮಾತಾಯಿತೋ ನಮಗೆ ಗೊತ್ತಿಲ್ಲ. ಪತ್ರಿಕೆಯೊಂದು ಬಲ್ಬಿನಾಳ ಚಿತ್ರ ಹಾಕಿ ಬೆನಿಗ್ನೊನ ಹೆಸರು ಸರಿಯಾಗಿಯೇ ಬರೆದಿತ್ತು. ಇನ್ನೊಂದು ಸೆಲ್ಸೊನ ಚಿತ್ರದ ಕೆಳಗೆ ದುಃಖ ತಡೆಯಲಾರದ ಅಣ್ಣ ಎಂದು ಹಾಕಿತು. ಮುಂದಿನ ಸಲ ಬಂದ ಪೊಟ್ಟಣದ ಹಿಂದೆ ಕಥೆ ಇರಲಿಲ್ಲ. ಈರುಳ್ಳಿ ಟ್ಯೂನಾ ತುಂಬಿದ 'ಎಂಪನಾದ' ಎಂಬ ಕಡುಬು ಮಾಡುವ ಬಗೆ ಇತ್ತು. ಹಿಟ್ಟಿಗೆ ನೀರು ಜಾಸ್ತಿ ಹೇಳಿದ್ದರು. ಮುಖ ಹಾಗೆಯೇ ಉಳಿಯಿತು, ಅದು ಇಲ್ಲದೆ ಡಬ್ಬಿ ಹೋಗುವುದಿಲ್ಲವಂತೆ. ದೊಸಿಂದಾಳನ್ನು ಮತ್ತೆ ಅಂಗಡಿಗೆ ಕರೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಕರೇನಾ ಬಲ್ಬಿನಾಳ ಮನೆಗೆ ಬಂದಳು. ನಾವಿಬ್ಬರೂ ಅಲ್ಲೇ ಇದ್ದೆವು. ಹುಡುಗಿ ಬಾಗಿಲಲ್ಲಿ ನಿಂತು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಲು ಹೊರಟು, ಅರ್ಧದಲ್ಲಿ ಮರೆತು ನಿಂತಳು. ಆ ಕಲ್ಲಿನ ಮೇಲಿನ ಹೆಸರುಗಳೆಲ್ಲ ಬಹಳ ಹಳೆಯವು, ಯಾರೂ ಉಳಿದಿರಲಾರರು ಎಂದುಕೊಂಡಿದ್ದಳಂತೆ. ಬಲ್ಬಿನಾ ಅವಳಿಗೆ ಕುರ್ಚಿ ತೋರಿಸಿ, ಎದುರಿಗೆ ಬಟಾಣಿಕಾಯಿಯ ಬುಟ್ಟಿ ಇಟ್ಟಳು. ನಾಲ್ವರೂ ಕೂತು ಕಾಳು ಬಿಡಿಸಿದೆವು.

"ಏನಾದ್ರೂ ಬರೀಬೇಕು ಅಂದ್ರೆ ನನ್ನನ್ನ ಕೇಳ್ಬಹುದಿತ್ತು," ಎಂದಳು ಬಲ್ಬಿನಾ ಸ್ವಲ್ಪ ಹೊತ್ತಿನ ಮೇಲೆ.

"ಇನ್ಮೇಲೆ ಬರಿಯಲ್ಲ," ಎಂದಳು ಹುಡುಗಿ.

"ಹಾಗಾದ್ರೆ ಹೇಳ್ತೀನಿ."

ಅವಳು ಹೇಳಿದಳು. ಇಷ್ಟು ವರ್ಷ ಅವಳ ಪಕ್ಕದಲ್ಲಿ ನಿಂತ ನಮಗೂ ಗೊತ್ತಿಲ್ಲದ್ದು. ಬೆನಿಗ್ನೊ ಗೈತಾ ವಾದ್ಯ ಊದುತ್ತಿದ್ದನಂತೆ, ಎಷ್ಟು ಕೆಟ್ಟದಾಗಿ ಎಂದರೆ ಪಕ್ಕದ ಮನೆಯವರು ಅವನು ದೋಣಿಗೆ ಹೋದ ದಿನವೇ ನೆಂಟರನ್ನು ಕರೆಯುತ್ತಿದ್ದರಂತೆ. ಗೊರಕೆ ಹೊಡೆಯುತ್ತಿದ್ದ, ಹೊಡೆಯುತ್ತೇನೆಂದು ಒಪ್ಪುತ್ತಿರಲಿಲ್ಲ. ಬಲ್ಬಿನಾಳ ತಾಯಿಯನ್ನು ಕಂಡರೆ ಹೆದರಿಕೆ. ಮೀನು ಅವನಿಗೆ ಸೇರುತ್ತಿರಲಿಲ್ಲ. ಹಿಡಿದು ಹಿಡಿದು ಸಾಕಾಗಿ, ಮನೆಗೆ ಬಂದರೆ ಮೊಟ್ಟೆ ಬಿಟ್ಟು ಇನ್ನೇನೂ ಮುಟ್ಟುತ್ತಿರಲಿಲ್ಲವಂತೆ.

ಅದನ್ನು ಕೇಳಿ ಹುಡುಗಿಗೆ ನಗು ಬಂತು. ನಕ್ಕದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಳು. ಬಲ್ಬಿನಾ ಅವಳನ್ನು ನೋಡಿ ತಾನೂ ನಕ್ಕಳು, ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿದವು. ದೊಸಿಂದಾ ಎದ್ದು ಹಿತ್ತಲಿಗೆ ಹೋಗಿ ಕೋಳಿಗೂಡಿನಿಂದ ಏಪ್ರನ್ನಿನ ತುಂಬ ಮೊಟ್ಟೆ ತಂದಳು, ಒಲೆ ಹಚ್ಚಿದಳು, ಆಲೂಗಡ್ಡೆ ಹೆಚ್ಚಿ ಬಾಣಲೆಗೆ ಹಾಕಿದಳು. ಎಣ್ಣೆ ಕಾಯುತ್ತಿರುವಾಗ ಸೆಲ್ಸೊ ಹೆಂಡತಿಯನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು ವಾಸನೆ ನೋಡಿದ. ತನಗೂ ಇದೆಯೇ ಎಂದು ಕೇಳಿದ. ಇದೆ, ಆದರೆ ಕೆಳಗೆ ಬಿದ್ದ ಕಾಳು ಆರಿಸಿದರೆ ಮಾತ್ರ ಎಂದಳು ದೊಸಿಂದಾ. ಅವನು ಮೊಣಕಾಲು ಹಿಡಿದು ನರಳುತ್ತ ನೆಲದ ಮೇಲೆ ಕೂತ.